ಊದುವ ಯಂತ್ರ ಯಾರ ಪರ?

ಡ್ರಂಕ್ ಅಂಡ್ ಡ್ರೈವ್ ಕೇಸಿನ ಬಗ್ಗೆ ನಮ್ಮ ಹಾಸ್ಟೆಲ್‌ನಲ್ಲಿ ಓಡಾಡುವ ಕಾನೂನು ಜ್ಞಾನವನ್ನೆಲ್ಲ ಒಟ್ಟುಗೂಡಿಸಿದರೆ ನಾಲ್ಕು ಮಾತಾಗುತ್ತದೆ. ಮಷೀನಿಗೆ ಊದದಿದ್ದರೆ ಕೇಸು ನಿಲ್ಲುವುದಿಲ್ಲ. ಎರಡು ತಾಸು ಕಳೆದರೆ ಕೇಸೇ ಬಿದ್ದುಹೋಗುತ್ತದೆ. ಪೊಲೀಸರು ಕಂಡ ಕೂಡಲೇ ಗಾಡಿ ಆಫ್ ಮಾಡಿ ಕೀ ಜೇಬಿಗಿಟ್ಟರೆ ‘ಓಡಿಸುತ್ತಿದ್ದ’ ಎಂದು ಯಾರೂ ಹೇಳುವಂತಿಲ್ಲ. ಕೊನೆಯದು ಎಲ್ಲರೂ ಒಪ್ಪುವಂಥದ್ದು: ‘ತಲೆ ಕೆಡಿಸ್ಕೋಬ್ಯಾಡಲೇ, ಕೋರ್ಟಿಗೆ ಹೋಗಿ ತಪ್ಪಾತು ಅನ್ನು, ದಂಡ ಕಟ್ಟಿ ಬಾ, ಮುಗೀತು.’

ಹೇಳುವವರು ಎಲ್‌ಎಲ್‌ಬಿ ಓದಿದವರಲ್ಲ, ಸಿವಿಲ್ ಮತ್ತು ಮೆಕ್ಯಾನಿಕಲ್ ಬ್ರ್ಯಾಂಚಿನ ಅಣ್ಣಂದಿರು. ಅವರಿಗೆ ಗೊತ್ತಾಗಿದ್ದು ಯೂಟ್ಯೂಬ್‌ನಿಂದ, ಅದರಲ್ಲೂ ಅಮೆರಿಕದ ವಕೀಲರ ವಿಡಿಯೊಗಳಿಂದ. ಕಳೆದ ಸೆಮಿಸ್ಟರ್ ರಜೆಯಲ್ಲಿ ನಾನು ಮೋಟಾರು ವಾಹನ ಕಾಯ್ದೆಯ ಆ ನಾಲ್ಕಾರು ಕಲಂಗಳನ್ನು ಕೂತು ಓದಿದೆ. ನಾಲ್ಕು ಮಾತಿನಲ್ಲಿ ಒಂದೂ ಪೂರ್ತಿ ನಿಜವಲ್ಲ. ಆದರೆ ಒಂದೊಂದರ ಹಿಂದೆಯೂ ಅರ್ಧ ನಿಜವಿದೆ. ಆ ಅರ್ಧ ನಿಜ ನಮ್ಮಂಥ ಹುಡುಗರಿಗೆ ತುಂಬ ಬೇಕಾದದ್ದು, ಅದನ್ನೇ ಯಾರೂ ಹೇಳುತ್ತಿಲ್ಲ.

ನಾನು ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯವನು. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ನಮ್ಮ ತಾಲ್ಲೂಕನ್ನು ಸೀಳಿಕೊಂಡು ಹೋಗುತ್ತದೆ. ಮದುವೆ, ದೇವರ ಕಾರ್ಯ, ಕೊಟ್ಟೂರು ತೇರು, ಏನೇ ಇರಲಿ, ನಮ್ಮ ಕಡೆಯ ಹುಡುಗರು ರಾತ್ರಿ ವಾಪಸಾಗುವುದು ಬೈಕಿನಲ್ಲೇ. ಕೊನೆಯ ಬಸ್ಸು ಎಂದೋ ಹೋಗಿರುತ್ತದೆ. ಹೆದ್ದಾರಿ ಬದಿಯ ಮದ್ಯದಂಗಡಿಗಳು 500 ಮೀಟರ್ ದೂರ ಇರಬೇಕೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿತು. ಮರುವರ್ಷ, 20 ಸಾವಿರಕ್ಕಿಂತ ಹೆಚ್ಚು ಜನವಿಲ್ಲದ ಊರುಗಳಿಗೆ ಅದನ್ನು 220 ಮೀಟರ್‌ಗೆ ಇಳಿಸಿತು. 220 ಮೀಟರ್ ನಡೆಯಲಾರದ ಕುಡುಕನನ್ನು ನಾನಂತೂ ಕಂಡಿಲ್ಲ. ಆದ್ದರಿಂದ ಕೊನೆಗೆ ಎಲ್ಲವೂ ಬಂದು ನಿಲ್ಲುವುದು ರಸ್ತೆಯಲ್ಲಿ ಕೈ ಅಡ್ಡ ಹಿಡಿಯುವ ಪೊಲೀಸ್ ಮತ್ತು ಅವರ ಕೈಯಲ್ಲಿರುವ ಊದುವ ಯಂತ್ರದ ಹತ್ತಿರ.

ಕಾಯ್ದೆಯ 185ನೇ ಕಲಂ ಚಿಕ್ಕದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದು ವಾಹನ ಓಡಿಸಿದರೆ, ಅಥವಾ ಓಡಿಸಲು ಯತ್ನಿಸಿದರೆ ಅಪರಾಧ. ಮೊದಲ ಸಲ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲಕ್ಕೆ 2 ವರ್ಷದವರೆಗೆ ಜೈಲು, 15,000 ದಂಡ. 2019ರ ತಿದ್ದುಪಡಿಗೆ ಮುಂಚೆ ಮೊದಲ ಸಲದ ದಂಡ ಹೆಚ್ಚೆಂದರೆ 2,000 ಇತ್ತು. ‘ಯತ್ನಿಸಿದರೆ’ ಎಂಬ ಪದ ಇರುವುದರಿಂದ ಕೀ ಜೇಬಿಗಿಡುವ ಉಪಾಯಕ್ಕೆ ಅರ್ಥವಿಲ್ಲ. ಅದುವರೆಗೆ ಓಡಿಸಿಕೊಂಡು ಬಂದದ್ದಂತೂ ಅಳಿಸುವುದಿಲ್ಲ. ಹಿಂದೆ ಕೂತವನು ಎಷ್ಟೇ ಕುಡಿದಿದ್ದರೂ ಈ ಕಲಂ ಅವನಿಗೆ ತಟ್ಟುವುದಿಲ್ಲ. ಆದರೆ ಕುಡಿದವನೆಂದು ಗೊತ್ತಿದ್ದೂ ತನ್ನ ಗಾಡಿಯ ಕೀ ಕೊಟ್ಟು ಓಡಿಸಲು ಹುರಿದುಂಬಿಸಿದ ಗೆಳೆಯನಿಗೆ 188ನೇ ಕಲಂ ಇದೆ. ಕುಮ್ಮಕ್ಕಿಗೂ ಅಷ್ಟೇ ಶಿಕ್ಷೆ.

ಅಮೆರಿಕದ ವಿಡಿಯೊ ನೋಡುವವರು ಮೊದಲು ಈ 30 ಎಂಬ ಅಂಕಿಯನ್ನು ಗಮನಿಸಬೇಕು. ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಮಿತಿ 80, ಇಂಗ್ಲೆಂಡಿನಲ್ಲೂ 80. ನಮ್ಮದು ಅದರ ಅರ್ಧಕ್ಕಿಂತಲೂ ಕಡಿಮೆ. ‘ಒಂದು ಬಿಯರ್‌ಗೆ ಏನೂ ಆಗಲ್ಲ’ ಎಂಬ ಮಾತು ಹುಟ್ಟಿದ್ದು ಆ 80ರ ಲೋಕದಲ್ಲಿ. ರಸ್ತೆಯ ಗೆರೆಯ ಮೇಲೆ ನಡೆಸುವುದು, ಒಂದೇ ಕಾಲಿನ ಮೇಲೆ ನಿಲ್ಲಿಸುವುದು ಇವೆಲ್ಲ ನಮ್ಮ ಕಾಯ್ದೆಯಲ್ಲಿ ಇಲ್ಲವೇ ಇಲ್ಲ. ಇಲ್ಲಿ ಇರುವುದು ಉಸಿರು ಮತ್ತು ರಕ್ತ.

ಉಸಿರಿನಿಂದ ರಕ್ತದ ಲೆಕ್ಕ ಹೇಗೆ ಬರುತ್ತದೆ? ಇದು ನಮ್ಮ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶ್ವಾಸಕೋಶದ ಆಳದಲ್ಲಿ ರಕ್ತದೊಳಗಿನ ಆಲ್ಕೋಹಾಲ್ ಗಾಳಿಗೆ ದಾಟುತ್ತದೆ. ಸರಾಸರಿ 2,100 ಮಿಲಿಲೀಟರ್ ಆಳದ ಉಸಿರಿನಲ್ಲಿ ಎಷ್ಟು ಆಲ್ಕೋಹಾಲ್ ಇರುತ್ತದೋ 1 ಮಿಲಿಲೀಟರ್ ರಕ್ತದಲ್ಲೂ ಅಷ್ಟೇ ಇರುತ್ತದೆ ಎಂದು ಹಿಡಿದು ಯಂತ್ರ ಗುಣಿಸುತ್ತದೆ. ‘ಸರಾಸರಿ’ ಎಂಬುದು ಮುಖ್ಯ. ಎಲ್ಲರ ದೇಹದಲ್ಲೂ ಅದೇ ಅನುಪಾತ ಇರುವುದಿಲ್ಲ, ಮೈ ಬಿಸಿ ಇದ್ದರೂ ಬದಲಾಗುತ್ತದೆ. ಅಂದರೆ ಯಂತ್ರ 33 ತೋರಿಸಿದವನ ರಕ್ತದಲ್ಲಿ ನಿಜಕ್ಕೂ 28 ಇರಬಹುದು. 27 ತೋರಿಸಿದವನಲ್ಲಿ 32 ಇರಬಹುದು. 120 ತೋರಿಸಿದವನು ಮಾತ್ರ ಈ ವಾದವನ್ನು ತನ್ನ ಹತ್ತಿರ ಬಿಟ್ಟುಕೊಳ್ಳಬಾರದು. ಯಾವ ಅನುಪಾತವೂ ಅವನನ್ನು ಉಳಿಸುವುದಿಲ್ಲ.

ಇನ್ನೊಂದು, ಬಾಯಿಯಲ್ಲಿ ಉಳಿದ ಆಲ್ಕೋಹಾಲ್. ಕೆಲವು ಕೆಮ್ಮಿನ ಸಿರಪ್ಪು, ಬಾಯಿ ಮುಕ್ಕಳಿಸುವ ದ್ರಾವಣ, ಹೋಮಿಯೋಪತಿಯ ಟಿಂಕ್ಚರ್, ನಮ್ಮ ಅಜ್ಜಂದಿರು ಊಟವಾದ ಮೇಲೆ ಕುಡಿಯುವ ದ್ರಾಕ್ಷಾರಿಷ್ಟ, ಇವುಗಳಲ್ಲೆಲ್ಲ ಆಲ್ಕೋಹಾಲ್ ಇರುತ್ತದೆ. ಕುಡಿದ ಮರುಕ್ಷಣವೇ ಊದಿದರೆ ಯಂತ್ರ ಗಾಬರಿಯಾಗುವಷ್ಟು ಅಂಕಿ ತೋರಿಸುತ್ತದೆ. ಹದಿನೈದು ನಿಮಿಷ ಬಿಟ್ಟು ಊದಿದರೆ ಬಾಯಿಯದು ಆರಿಹೋಗಿ ರಕ್ತದ್ದು ಮಾತ್ರ ಉಳಿಯುತ್ತದೆ. ‘ಹದಿನೈದು ನಿಮಿಷ ಕೂರುತ್ತೇನೆ ಸರ್, ಇನ್ನೊಮ್ಮೆ ಊದಿಸಿ’ ಎಂದು ಮರ್ಯಾದೆಯಿಂದ ಕೇಳುವುದು ಜಗಳವೂ ಅಲ್ಲ, ಕಾನೂನು ಮೀರಿದ್ದೂ ಅಲ್ಲ. 203ನೇ ಕಲಂ ‘ಒಂದು ಅಥವಾ ಹೆಚ್ಚು’ ಉಸಿರಿನ ಮಾದರಿ ಎಂದೇ ಹೇಳುತ್ತದೆ. ಬಂಧಿಸಿ ಠಾಣೆಗೆ ಕರೆದೊಯ್ದರೆ ಅಲ್ಲಿ ಮತ್ತೊಮ್ಮೆ ಊದಲು ಅವಕಾಶ ಕೊಡಲೇಬೇಕು ಎಂದೂ ಹೇಳುತ್ತದೆ. ತಪಾಸಣೆ ಮಾಡುವ ಪೊಲೀಸರು ಸಮವಸ್ತ್ರದಲ್ಲಿರಬೇಕು, ಯಂತ್ರ ಕೇಂದ್ರ ಸರ್ಕಾರ ಒಪ್ಪಿದ ಮಾದರಿಯದಾಗಿರಬೇಕು. ಕೇರಳ ಹೈಕೋರ್ಟ್ 2025ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರತಿಯೊಬ್ಬರನ್ನು ಊದಿಸುವ ಮೊದಲು ಖಾಲಿ ಗಾಳಿಗೆ ಯಂತ್ರ ಸೊನ್ನೆ ತೋರಿಸಬೇಕು, ತೋರಿಸದಿದ್ದರೆ ಮುಂದಿನ ಅಂಕಿಯನ್ನು ನಂಬಲಾಗದು ಎಂದಿತು. ಲ್ಯಾಬಿನಲ್ಲಿ ಮೀಟರಿನ ‘ಝೀರೊ ಎರರ್’ ನೋಡದೆ ರೀಡಿಂಗ್ ಬರೆದರೆ ನಮ್ಮ ಮೇಷ್ಟ್ರು ರೆಕಾರ್ಡ್ ಎಸೆಯುತ್ತಾರೆ. ಒಬ್ಬನ ಜೈಲಿನ ಪ್ರಶ್ನೆಯಲ್ಲಿ ಅಷ್ಟಾದರೂ ಬೇಡವೇ?

ಈಗ ‘ಊದದಿದ್ದರೆ ಕೇಸಿಲ್ಲ’ ಎಂಬ ಮಾತಿಗೆ ಬರೋಣ. ಇದು ನಾಲ್ಕರಲ್ಲಿ ಅತಿ ಅಪಾಯದ್ದು. ಊದಲು ಒಪ್ಪದವನನ್ನು, ಕುಡಿದಿದ್ದಾನೆಂಬ ಅನುಮಾನಕ್ಕೆ ಕಾರಣವಿದ್ದರೆ, ವಾರಂಟ್ ಇಲ್ಲದೆ ಬಂಧಿಸಬಹುದು. ಠಾಣೆಯಿಂದ ವೈದ್ಯರ ಮೂಲಕ ರಕ್ತ ತೆಗೆಸಬಹುದು. ಅದಕ್ಕೂ ಒಪ್ಪದಿದ್ದರೆ 205ನೇ ಕಲಂ ಇದೆ. ಸರಿಯಾದ ಕಾರಣವಿಲ್ಲದೆ ನಿರಾಕರಿಸಿದ್ದನ್ನೇ ನ್ಯಾಯಾಲಯ ಅವನ ವಿರುದ್ಧದ ಸಾಕ್ಷ್ಯಕ್ಕೆ ಬಲ ಎಂದು ಪರಿಗಣಿಸಬಹುದು. ಆಸ್ತಮಾ ಇದ್ದು ಊದಲಾಗದವನು ಅದನ್ನು ಆಗಲೇ ಹೇಳಿ ರಕ್ತ ಪರೀಕ್ಷೆ ಕೇಳಬೇಕು. ನಿಜಕ್ಕೂ ಕುಡಿಯದವನಿಗೆ ಆ ಯಂತ್ರವೇ ಅತ್ಯುತ್ತಮ ಸಾಕ್ಷಿ. ಅದನ್ನು ದೂರ ತಳ್ಳಿದರೆ ಉಳಿಯುವುದು ಪೊಲೀಸರ ಮಾತು ಮತ್ತು ನಿಮ್ಮ ಮಾತು.

ಎರಡು ತಾಸಿನ ಮಾತು ಇದಕ್ಕಿಂತ ವಾಸಿ, ಅರ್ಧದಷ್ಟು ಸರಿ. 185ರಡಿ ಬಂಧಿತನಾದವನನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬಿಡುಗಡೆ ಮಾಡಬೇಕು ಎಂದು 202ನೇ ಕಲಂ ಹೇಳುತ್ತದೆ. ಬಿಡುಗಡೆ ಎಂದರೆ ವಶದಿಂದ ಬಿಡುಗಡೆ. ಕೇಸು ಬಿದ್ದುಹೋಯಿತೆಂದಲ್ಲ. ಊದಿದ ಅಂಕಿ ದಾಖಲೆಯಲ್ಲಿದ್ದರೆ ಆರೋಪಪಟ್ಟಿ ಬರುತ್ತದೆ. ಅಂದಹಾಗೆ ಈ ಅಪರಾಧಕ್ಕೆ ಜಾಮೀನು ಕೊಡಲೇಬೇಕು. ರಾತ್ರಿಯಿಡೀ ಕೂರಿಸಿ ‘ಬೆಳಿಗ್ಗೆ ನೋಡೋಣ’ ಎನ್ನುವಂತಿಲ್ಲ. ಮನೆಯವರಿಗೆ ತಿಳಿಸುವುದು, ಬಂಧನದ ಕಾರಣ ಹೇಳುವುದು, ವಕೀಲರನ್ನು ಕಾಣಲು ಬಿಡುವುದು, ಇವೆಲ್ಲ ಹಕ್ಕು, ಉಪಕಾರವಲ್ಲ.

ಆ ಎರಡು ಗಂಟೆಯನ್ನು ಯಾಕೆ ಇಟ್ಟರು ಎಂದು ಯೋಚಿಸಿದರೆ ಇಡೀ ವಿಷಯ ತಿಳಿಯಾಗುತ್ತದೆ. ದೇಹ ಒಂದು ಗಂಟೆಗೆ 100 ಮಿಲಿಲೀಟರ್ ರಕ್ತದಿಂದ ಸುಮಾರು 15 ಮಿಲಿಗ್ರಾಂ ಆಲ್ಕೋಹಾಲ್ ಕಳೆಯುತ್ತದೆ. ರಾತ್ರಿ ಒಂದಕ್ಕೆ 90 ಇದ್ದವನ ರಕ್ತ ಬೆಳಿಗ್ಗೆ ಏಳಕ್ಕೆ ಹೆಚ್ಚುಕಡಿಮೆ ಸ್ವಚ್ಛ. ಗಡಿಯಾರ ಅಷ್ಟು ಹೊತ್ತು ತಪ್ಪಿತಸ್ಥನ ಪರ ಕೆಲಸ ಮಾಡಿರುತ್ತದೆ. ತಿರುವುಮುರುವೂ ಇದೆ. ಈಗಷ್ಟೇ ಕುಡಿದವನ ರಕ್ತದಲ್ಲಿ ಆಲ್ಕೋಹಾಲ್ ಇನ್ನೂ ಏರುತ್ತಿರುತ್ತದೆ. ಅರ್ಧ ಗಂಟೆ ಬಿಟ್ಟು ಅಳೆದರೆ ಓಡಿಸುವಾಗ ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದು. ತಡ ಮಾಡಿದರೆ ಒಮ್ಮೆ ತಪ್ಪಿತಸ್ಥ ಪಾರಾಗುತ್ತಾನೆ, ಒಮ್ಮೆ ಅಮಾಯಕ ಸಿಕ್ಕಿಬೀಳುತ್ತಾನೆ. ಕುಡಿದವರನ್ನು ಪಾರುಮಾಡಲು ಇಟ್ಟ ನಿಯಮ ಅದಲ್ಲ, ನಿಜವನ್ನು ಹಿಡಿದಿಡಲು ಇಟ್ಟದ್ದು.

ದೊಡ್ಡ ದೊಡ್ಡ ಕೇಸುಗಳು ಎಡವಿದ್ದೂ ಇಲ್ಲೇ. 2019ರ ಆಗಸ್ಟ್ 3ರ ನಸುಕಿನಲ್ಲಿ ತಿರುವನಂತಪುರದಲ್ಲಿ ಐಎಎಸ್ ಅಧಿಕಾರಿಯೊಬ್ಬರ ಕಾರು ಬಡಿದು ಪತ್ರಕರ್ತ ಕೆ.ಎಂ. ಬಷೀರ್ ಸತ್ತರು. ಅಧಿಕಾರಿಯ ರಕ್ತ ತೆಗೆದದ್ದು ಹಲವು ಗಂಟೆಗಳ ನಂತರ, ಪರೀಕ್ಷೆಯಲ್ಲಿ ಆಲ್ಕೋಹಾಲ್ ಕಾಣಲಿಲ್ಲ. ಅವರು ಕುಡಿದಿದ್ದರೆಂದು ನಾನು ಹೇಳುತ್ತಿಲ್ಲ, ಅದನ್ನು ಹೇಳಬೇಕಾದದ್ದು ಕೋರ್ಟು. ಆದರೆ ಕುಡಿದಿರಲಿಲ್ಲ ಎಂದು ನೆಮ್ಮದಿಯಿಂದ ಹೇಳುವ ಅವಕಾಶವನ್ನೂ ಆ ತಡ ಕಸಿದುಕೊಂಡಿತು. ನಟ ಸಲ್ಮಾನ್ ಖಾನ್ ಅವರ 2002ರ ಮುಂಬೈ ಪ್ರಕರಣದಲ್ಲಿ 2015ರ ಮೇ 6ರಂದು ಸೆಷನ್ಸ್ ಕೋರ್ಟ್ 5 ವರ್ಷ ಶಿಕ್ಷೆ ಕೊಟ್ಟಿತು, ಅದೇ ಡಿಸೆಂಬರ್ 10ಕ್ಕೆ ಬಾಂಬೆ ಹೈಕೋರ್ಟ್ ಖುಲಾಸೆ ಮಾಡಿತು. ಹೈಕೋರ್ಟಿಗೆ ನಂಬಿಕೆ ಬಾರದ ಸಂಗತಿಗಳಲ್ಲಿ ರಕ್ತದ ಮಾದರಿಯನ್ನು ತೆಗೆದ, ಇಟ್ಟ, ಸಾಗಿಸಿದ ರೀತಿಯೂ ಒಂದು. ಪುಣೆಯಲ್ಲಿ 2024ರ ಮೇ 19ರಂದು ಹದಿನೇಳರ ಹುಡುಗ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಕಾರಿಗೆ ಇಬ್ಬರು ಯುವ ಎಂಜಿನಿಯರ್‌ಗಳು ಬಲಿಯಾದರು. ಅಲ್ಲಿ ಪೊಲೀಸರ ಆರೋಪ ಇನ್ನೂ ಘೋರ: ಆಸ್ಪತ್ರೆಯಲ್ಲಿ ಹುಡುಗನ ರಕ್ತದ ಮಾದರಿಯನ್ನೇ ಬದಲಿಸಲಾಯಿತು. ವೈದ್ಯರೇ ಬಂಧಿತರಾದರು. ಸತ್ತವರಿಬ್ಬರಿಗೂ 24 ವರ್ಷ, ನಮ್ಮ ಹಾಸ್ಟೆಲ್ಲಿನ ಅಣ್ಣಂದಿರಿಗಿಂತ ಎರಡೋ ಮೂರೋ ವರ್ಷ ದೊಡ್ಡವರು.

ರಕ್ತ ತೆಗೆಯುವುದರಲ್ಲೂ ಕೆಲಸ ಅಚ್ಚುಕಟ್ಟಾಗಿರಬೇಕು. ಸೂಜಿ ಚುಚ್ಚುವ ಮುನ್ನ ತೋಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬಾರದು, ಸ್ಪಿರಿಟ್ ಕೂಡ ಆಲ್ಕೋಹಾಲೇ. ರಕ್ತವನ್ನು ಸೋಡಿಯಂ ಫ್ಲೋರೈಡ್ ಹಾಕಿದ ಸೀಸೆಯಲ್ಲಿ ಇಡಬೇಕು, ಇಲ್ಲದಿದ್ದರೆ ಒಳಗೇ ಹುದುಗಿ ಅಂಕಿ ಬದಲಾಗಬಹುದು. ಸೀಲು, ಸಹಿ, ಸಮಯ, ಯಾರ ಕೈಯಿಂದ ಯಾರ ಕೈಗೆ ಎಂಬ ದಾಖಲೆ, ಸರ್ಕಾರ ಮಾನ್ಯ ಮಾಡಿದ ಪ್ರಯೋಗಾಲಯ. ಇಷ್ಟರಲ್ಲಿ ಒಂದು ಕೊಂಡಿ ಕಳಚಿದರೂ ಒಳ್ಳೆಯ ವಕೀಲರು ಅಲ್ಲೇ ಕೈ ಹಾಕುತ್ತಾರೆ. ಹಾಕಲಿ, ಅದು ಅವರ ಕೆಲಸ. ನನ್ನ ಸಿಟ್ಟು ವಕೀಲರ ಮೇಲಲ್ಲ. ಮುಂಬೈ, ಪುಣೆಯಲ್ಲೇ ಹೀಗಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹನ್ನೊಂದಕ್ಕೆ ಒಬ್ಬರೇ ಡ್ಯೂಟಿ ಡಾಕ್ಟರು ಹೆರಿಗೆ ನೋಡಲೋ, ಹಾವು ಕಚ್ಚಿದವನನ್ನು ನೋಡಲೋ, ಪೊಲೀಸರು ಕರೆತಂದವನ ರಕ್ತ ತೆಗೆಯಲೋ?

ವಾಸನೆಯ ಮಾತು ಬೇರೆಯೇ ಇದೆ. ‘ಬಾಯಿ ವಾಸನೆ ಬಂದರೆ ಸಾಕು’ ಎಂದು ಊರಲ್ಲಿ ಎಲ್ಲರೂ ನಂಬಿದ್ದಾರೆ. ಸುಪ್ರೀಂ ಕೋರ್ಟ್ 1971ರಲ್ಲೇ, ಬಚೂಭಾಯಿ ಹಸನ್‌ಅಲಿ ಕಾರ್ಯಾನಿ ಪ್ರಕರಣದಲ್ಲಿ, ಮದ್ಯದ ವಾಸನೆ, ತೂರಾಡುವ ನಡಿಗೆ, ತೊದಲು ಮಾತು, ಹಿಗ್ಗಿದ ಕಣ್ಣಪಾಪೆ ಇಷ್ಟರಿಂದಲೇ ಕುಡಿದಿದ್ದನೆಂದು ತೀರ್ಮಾನಿಸಲಾಗದು, ರಕ್ತದ ಅಥವಾ ಮೂತ್ರದ ಪರೀಕ್ಷೆ ಆಗಿರಲಿಲ್ಲ ಎಂದಿತು. ಓದಿದಾಗ ನಾನೂ ‘ಅಬ್ಬ’ ಎಂದೆ. ಆದರೆ ಅದೇ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಇನ್ನೊಂದು ತೀರ್ಪು ಕೊಟ್ಟಿದೆ. ದೆಹಲಿಯಲ್ಲಿ ಅಪಘಾತವಾಗಿ ಕಾರು ಹಾಳಾಗಿತ್ತು, ಕಾರಿನ ಕಂಪನಿ ವಿಮೆ ಕೇಳಿತು. ಚಾಲಕನಿಗೆ ಉಸಿರಿನ ಪರೀಕ್ಷೆಯೂ ಆಗಿರಲಿಲ್ಲ, ರಕ್ತದ್ದೂ ಆಗಿರಲಿಲ್ಲ. ವಾಸನೆ ಮತ್ತು ಅಪಘಾತದ ಸನ್ನಿವೇಶವನ್ನು ನೋಡಿಯೇ, ಕುಡಿತದ ಪ್ರಭಾವದಲ್ಲಿ ಓಡಿಸಿದ್ದ ಎಂದು ತೀರ್ಮಾನಿಸಿ ವಿಮಾ ಕಂಪನಿ ಹಣ ನಿರಾಕರಿಸಿದ್ದು ಸರಿ ಎಂದಿತು. ಅಂದರೆ ಜೈಲಿಗೆ ಕಳಿಸಲು ಸಾಲದ ವಾಸನೆ, ಅಪ್ಪ ಕಂತು ಕಟ್ಟುತ್ತಿರುವ ಬೈಕಿನ ವಿಮೆ ಹೋಗಲು ಸಾಕಾಗುತ್ತದೆ. ಕ್ರಿಮಿನಲ್ ಕೇಸಿನಲ್ಲಿ ಸಂಶಯಾತೀತ ಪುರಾವೆ ಬೇಕು, ವಿಮೆಯ ವ್ಯಾಜ್ಯದಲ್ಲಿ ಯಾವುದು ಹೆಚ್ಚು ಸಂಭವನೀಯ ಎಂಬುದು ಸಾಕು. ‘ಕೇಸಿನಲ್ಲಿ ಪಾರಾದೆ’ ಎಂದು ಪಾರ್ಟಿ ಕೊಡುವವರಿಗೆ ಈ ಎರಡನೆಯದು ಗೊತ್ತಿರುವುದಿಲ್ಲ.

ಗಾಂಜಾ ಮತ್ತಿತರ ಮಾದಕ ವಸ್ತುಗಳ ವಿಷಯಕ್ಕೆ ಬಂದರೆ ಕಾಯ್ದೆ ನಿಜಕ್ಕೂ ಮಂಜು ಮಂಜು. ಆಲ್ಕೋಹಾಲ್‌ಗೆ 30 ಎಂಬ ಗೆರೆ ಇದೆ, ಇದಕ್ಕೆ ಯಾವ ಅಂಕಿಯೂ ಇಲ್ಲ. ವಾಹನದ ಮೇಲೆ ಸರಿಯಾದ ಹತೋಟಿ ಇಡಲಾಗದಷ್ಟು ಪ್ರಭಾವದಲ್ಲಿದ್ದ ಎಂದು ತೋರಿಸಬೇಕು. ಊದುವ ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ. ಮೂತ್ರ ಪರೀಕ್ಷೆಯಲ್ಲಿ ಗಾಂಜಾದ ಕುರುಹು ದಿನಗಟ್ಟಲೆ, ದಿನಾ ಸೇದುವವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಹೋದ ವಾರ ಸೇದಿದ್ದಕ್ಕೂ ಇವತ್ತು ರಾತ್ರಿ ಓಡಿಸಿದ್ದಕ್ಕೂ ಅದು ವ್ಯತ್ಯಾಸ ಹೇಳುವುದಿಲ್ಲ. ಹಾಗೆಂದು ಖುಷಿಪಡುವ ಹಾಗಿಲ್ಲ. ಆ ಕುರುಹು 185ಕ್ಕೆ ಸಾಲದಿದ್ದರೂ ಸೇವನೆಯೇ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಪ್ರಕಾರ ಬೇರೆ ಅಪರಾಧ. ಒಂದು ಕೇಸಿನಿಂದ ಜಾರಲು ಹೋಗಿ ಇನ್ನೊಂದರ ಬಾಗಿಲು ತಟ್ಟಿದಂತೆ. ಅಂಕಿಯಿಲ್ಲದ ಕಡೆ ಪೊಲೀಸರ ಕಣ್ಣಳತೆಯೇ ಕಾನೂನಾಗುತ್ತದೆ. ಉದ್ದ ಕೂದಲು, ಕೆಂಪು ಕಣ್ಣು ಇದ್ದರೆ ಸಾಕು. ರಾತ್ರಿಯೆಲ್ಲ ಇಂಟರ್ನಲ್ಸ್‌ಗೆ ಓದಿದವನ ಕಣ್ಣೂ ಕೆಂಪೇ ಇರುತ್ತದೆ. ಕೇಂದ್ರ ಸರ್ಕಾರ ಆದಷ್ಟು ಬೇಗ ತೀರ್ಮಾನಿಸಬೇಕಾದದ್ದು ಇದು: ಯಾವ ವಸ್ತು, ರಕ್ತದಲ್ಲಿ ಎಷ್ಟು, ಎಷ್ಟು ಹೊತ್ತಿನೊಳಗೆ ಪರೀಕ್ಷೆ.

ಸಾವು ಸಂಭವಿಸಿದಾಗ ಮಾತು ಇಷ್ಟಕ್ಕೆ ನಿಲ್ಲುವುದಿಲ್ಲ. ಮುಂಬೈನ ಕಾರ್ಟರ್ ರಸ್ತೆಯಲ್ಲಿ 2006ರ ನವೆಂಬರ್ 12ರ ನಸುಕಿನಲ್ಲಿ ಅಲಿಸ್ಟರ್ ಪರೇರಾ ಎಂಬಾತನ ಕಾರು ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹರಿದು ಏಳು ಮಂದಿ ಸತ್ತರು. ರಕ್ತದಲ್ಲಿ ಶೇ 0.112 ಆಲ್ಕೋಹಾಲ್, ಅಂದರೆ ನಮ್ಮ ಲೆಕ್ಕದಲ್ಲಿ 112. ಇದು ನಿರ್ಲಕ್ಷ್ಯ ಮಾತ್ರ ಎಂಬುದು ಅವನ ಪರ ವಾದ. ಹಾಗೆ ಒಪ್ಪಿದ್ದರೆ ಆಗಿನ ಕಾನೂನಿನಲ್ಲಿ ಹೆಚ್ಚೆಂದರೆ 2 ವರ್ಷ. ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ ಒಪ್ಪಲಿಲ್ಲ. ಅಷ್ಟು ಕುಡಿದು, ಆ ವೇಗದಲ್ಲಿ, ಜನ ಮಲಗುವ ಜಾಗದಲ್ಲಿ ಓಡಿಸಿದರೆ ಜೀವ ಹೋಗಬಹುದೆಂಬ ಅರಿವು ಇರುತ್ತದೆ ಎಂದು ಕೊಲೆಯಲ್ಲದ ಮಾನವಹತ್ಯೆಯ ಶಿಕ್ಷೆಯನ್ನೇ ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದ ಸಾವಿಗೆ 5 ವರ್ಷದವರೆಗೆ, ಅರಿವಿದ್ದು ಮಾಡಿದ್ದಕ್ಕೆ 10 ವರ್ಷದವರೆಗೆ ಶಿಕ್ಷೆ ಇದೆ. ಬೈಕಿನವರಿಗೆ ಇದೆಲ್ಲ ಕಾರಿನವರ ತಾಪತ್ರಯ ಎನಿಸಬಹುದು. 2025ರ ಅಕ್ಟೋಬರ್ 24ರ ನಸುಕಿನಲ್ಲಿ ನಮ್ಮ ಬಳ್ಳಾರಿ ಗಡಿಯಾಚೆ, ಕರ್ನೂಲು ಬಳಿ, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ರಸ್ತೆಯಲ್ಲಿ ಬಿದ್ದಿದ್ದ ಬೈಕಿನ ಮೇಲೆ ಹರಿದು ಬೆಂಕಿ ಹೊತ್ತಿ 19 ಪ್ರಯಾಣಿಕರು ಸುಟ್ಟುಹೋದರು. ಬೈಕ್ ಸವಾರ ಅದಕ್ಕೂ ಮುಂಚೆಯೇ ತಾನಾಗಿ ಬಿದ್ದು ಸತ್ತಿದ್ದ. ಅವನು ಕುಡಿದಿದ್ದನೆಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಈ ಕಾನೂನು ಸಡಿಲವಾಗಲಿ ಎಂದು ನಾನು ಕೇಳುತ್ತಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಈಗ ನಾಲ್ಕನೆಯ ಮಾತು: ‘ತಪ್ಪಾತು ಅನ್ನು, ದಂಡ ಕಟ್ಟು, ಮುಗೀತು.’

ನಮ್ಮ ಹಾಸ್ಟೆಲ್ಲಿನ ಒಬ್ಬ ಸೀನಿಯರ್ ಹಾಗೇ ಮಾಡಿದ. ಚಿಕ್ಕಪ್ಪನ ಮಗಳ ಮದುವೆ ಮುಗಿಸಿ ಬರುವಾಗ ಸಿಕ್ಕಿಬಿದ್ದ, ಯಂತ್ರ 41 ತೋರಿಸಿತು. ಅವನು ಒಂದು ಬಿಯರ್ ಕುಡಿದಿದ್ದ, ಅದನ್ನು ಅವನೂ ಅಲ್ಲಗಳೆಯುವುದಿಲ್ಲ. ಕೋರ್ಟಿನ ದಿನ ಸಾಲಾಗಿ ಹೆಸರು ಕರೆದರು. ‘ತಪ್ಪು ಒಪ್ಕೊಂತೀಯಾ?’ ‘ಹೂಂ ಸರ್.’ ಒಂದು ನಿಮಿಷವೂ ಹಿಡಿಯಲಿಲ್ಲವಂತೆ. ದಂಡದ 10,000 ಅವನ ಅವ್ವ ಸಂಘದಲ್ಲಿ ತೆಗೆದ ಸಾಲ. ಡಿ.ಎಲ್. ಮೂರು ತಿಂಗಳು ಅಮಾನತು. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಕನಿಷ್ಠ ಮೂರು ತಿಂಗಳು ಎಂದು ರಾಜ್ಯಗಳಿಗೆ ಹೇಳಿದೆ. ಇಷ್ಟಕ್ಕೆ ಮುಗಿಯಿತೆಂದುಕೊಂಡ. ಫೈನಲ್ ಇಯರ್‌ನಲ್ಲಿ ಕೆಲಸದ ಅರ್ಜಿಯೊಂದರಲ್ಲಿ ಪ್ರಶ್ನೆ ಬಂತು: ‘ಯಾವುದಾದರೂ ಅಪರಾಧದಲ್ಲಿ ನ್ಯಾಯಾಲಯದಿಂದ ಶಿಕ್ಷೆಯಾಗಿದೆಯೇ?’ ರಾತ್ರಿ ಎರಡರವರೆಗೆ ನಮ್ಮ ರೂಮಿನಲ್ಲಿ ಚರ್ಚೆ. ಅದು ದಂಡವೋ ಶಿಕ್ಷೆಯೋ? ಟಿಕೆಟ್ ಇಲ್ಲದ ಪ್ರಯಾಣದಂಥದ್ದೋ, ಕಳ್ಳತನದಂಥದ್ದೋ? ಹತ್ತು ಜನ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅದು ಶಿಕ್ಷೆಯೇ. ತಪ್ಪೊಪ್ಪಿಗೆ ಎಂದರೆ ನ್ಯಾಯಾಲಯ ಅಪರಾಧಿ ಎಂದು ದಾಖಲಿಸಿದಂತೆ. ಸರ್ಕಾರಿ ಕೆಲಸಕ್ಕೆ ಹೋಗುವವರಿಗೆ ಸುಪ್ರೀಂ ಕೋರ್ಟಿನ 2016ರ ಅವತಾರ್ ಸಿಂಗ್ ತೀರ್ಪು ಗೊತ್ತಿರಬೇಕು. ಅರ್ಜಿಯಲ್ಲಿ ಕೇಳಿದ ಕೇಸಿನ ಮಾಹಿತಿಯನ್ನು ನಿಜವಾಗಿ ಬರೆಯಲೇಬೇಕು. ಬರೆದ ಮೇಲೂ ಉದ್ಯೋಗದಾತರು ಪರಿಶೀಲಿಸಬಹುದು, ಆದರೆ ಕೇಸಿನ ಸ್ವರೂಪ, ಹುದ್ದೆ, ವಯಸ್ಸು ಎಲ್ಲ ನೋಡಿ ನಿರ್ಧರಿಸಬೇಕು. ಮುಚ್ಚಿಟ್ಟದ್ದು ಬಯಲಾದರೆ ಚಿಕ್ಕ ಕೇಸೂ ದೊಡ್ಡದಾಗುತ್ತದೆ. ಸೀನಿಯರ್ ನಿಜ ಬರೆದ. ಇನ್ನೂ ಕರೆ ಬಂದಿಲ್ಲ. ಕಾರಣ ಇದೇ ಎಂದು ಹೇಳಲು ನನ್ನ ಹತ್ತಿರ ಆಧಾರವಿಲ್ಲ.

ಅವನು ಕೇಸು ಗೆಲ್ಲಬೇಕಿತ್ತು ಎಂಬುದು ನನ್ನ ವಾದವಲ್ಲ. 41 ಎಂದರೆ 41, ಬಹುಶಃ ದಂಡ ಕಟ್ಟುವುದೇ ಸರಿಯಿತ್ತು. ಆದರೆ ಆರೋಪಪಟ್ಟಿಯ ಪ್ರತಿ ಓದಿ, ಯಂತ್ರದ ಚೀಟಿಯಲ್ಲಿ ಹೆಸರು, ಸಮಯ, ಸಹಿ ಸರಿಯಿದೆಯೇ ನೋಡಿ, ಒಪ್ಪಿದರೆ ಏನಾಗುತ್ತದೆ ಎಂದು ವಕೀಲರನ್ನು ಕೇಳಿ ಆಮೇಲೆ ‘ಹೂಂ’ ಎನ್ನಬೇಕಿತ್ತು. ಕೂಡ್ಲಿಗಿಯಂಥ ತಾಲ್ಲೂಕು ಕೋರ್ಟುಗಳಲ್ಲೂ ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ವಶದಲ್ಲಿರುವವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರು ಉಚಿತ. ಒಂದು ದಿನ ಮುಂದಕ್ಕೆ ಕೇಳಿದರೆ ಯಾವ ನ್ಯಾಯಾಧೀಶರೂ ಸಿಟ್ಟಾಗುವುದಿಲ್ಲ.

ಕೋರ್ಟಿನ ತನಕವೂ ಹೋಗದ ಇನ್ನೊಂದು ದಾರಿಯನ್ನು ಎಲ್ಲರೂ ಬಲ್ಲರು, ‘ಅಡ್ಜಸ್ಟ್’. ಹೆಲ್ಮೆಟ್, ಸಿಗ್ನಲ್‌ನಂಥ ಕೇಸುಗಳಲ್ಲಿ ಸ್ಥಳದಲ್ಲೇ ದಂಡ ಕಟ್ಟಿ ರಸೀದಿ ಪಡೆಯಬಹುದು. 185 ಅಂಥದ್ದಲ್ಲ, ಅದನ್ನು ರಾಜಿ ಮಾಡಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವೇ ಇಲ್ಲ. 2019ರ ಸೆಪ್ಟೆಂಬರ್‌ನಲ್ಲಿ ನಮ್ಮ ಸರ್ಕಾರ ಹಲವು ದಂಡಗಳನ್ನು ಇಳಿಸಿದಾಗಲೂ ಇದು 10,000ದಲ್ಲೇ ಉಳಿದದ್ದು ಅದಕ್ಕೇ. ಹಾಗಾಗಿ ಕುಡಿದು ಓಡಿಸಿದ್ದಕ್ಕೆಂದು ರಸ್ತೆಯಲ್ಲಿ ಯಾರಾದರೂ ಹಣ ಪಡೆದರೆ ಅದು ಎಷ್ಟೇ ಇರಲಿ, ದಂಡವಲ್ಲ. ಪುರಾವೆ ಹಿಡಿಯುವ ವ್ಯವಸ್ಥೆ ಸೊರಗಿದಷ್ಟೂ ಈ ದಾರಿ ಅಗಲವಾಗುತ್ತದೆ. ಯಂತ್ರ ಸರಿಯಿಲ್ಲ, ಡಾಕ್ಟರು ಸಿಗುವುದಿಲ್ಲ, ಸೀಸೆ ಇಲ್ಲ ಎಂದಾದಾಗ ಕುಡಿದವನಿಗೂ ಕುಡಿಯದವನಿಗೂ ಒಂದೇ ರೇಟು. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ 1,68,491 ಮಂದಿ ಸತ್ತರು. ಸರ್ಕಾರದ ವರದಿಯಲ್ಲಿ ಹತ್ತರಲ್ಲಿ ಏಳು ಸಾವಿಗೆ ಅತಿವೇಗವೇ ಕಾರಣ. ಆ ವೇಗದ ಹಿಂದೆ ಎಷ್ಟು ಕಡೆ ಬಾಟಲಿ ಇತ್ತು ಎಂಬುದು, ಹೊತ್ತಿಗೆ ಸರಿಯಾಗಿ ರಕ್ತ ತೆಗೆಯದ ಕಡೆಯೆಲ್ಲ ಚಿತೆಯ ಜೊತೆಗೇ ಸುಟ್ಟುಹೋಗಿದೆ ಎಂಬುದು ನನ್ನ ಅನುಮಾನ.

ನಾನು ಮತ್ತು ಇಬ್ಬರು ಗೆಳೆಯರು ಹೊಸಪೇಟೆಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಬರೆದಿದ್ದೇವೆ. ನಮ್ಮ ತಾಲ್ಲೂಕಿನ ಠಾಣೆಗಳಲ್ಲಿ ಊದುವ ಯಂತ್ರ ಎಷ್ಟಿವೆ, ಅವುಗಳ ಕ್ಯಾಲಿಬ್ರೇಷನ್ ಕೊನೆಯ ಬಾರಿ ಆದದ್ದು ಯಾವ ದಿನ, ಮೂರು ವರ್ಷಗಳಲ್ಲಿ ದಾಖಲಾದ 185ರ ಕೇಸುಗಳಲ್ಲಿ ರಕ್ತ ಪರೀಕ್ಷೆ ಆದದ್ದು ಎಷ್ಟು, ಅದರಲ್ಲಿ ಎರಡು ಗಂಟೆಯೊಳಗೆ ಆದದ್ದು ಎಷ್ಟು, ಎಷ್ಟು ಜನ ಮೊದಲ ದಿನವೇ ತಪ್ಪೊಪ್ಪಿಕೊಂಡರು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು. ಅಷ್ಟರಲ್ಲಿ ಹಿಡಿಸುವುದು ಲ್ಯಾಬ್ ರೆಕಾರ್ಡ್ ಬರೆಯುವುದಕ್ಕಿಂತ ಕಷ್ಟವಾಯಿತು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅಂಚೆಯಲ್ಲಿ ಕಳಿಸಿದ್ದೇವೆ. ಉತ್ತರ ಕೊಡಲು ಅವರಿಗೆ 30 ದಿನ ಇದೆ.